ತಿಂಗಳಿಗೆ 299 ನುಂಗಿದವರು ಯಾರು? ಗಲಗಲಿಯ ಪಾಸ್‌ಬುಕ್ ಬಿಚ್ಚಿದ ಲೆಕ್ಕ

ಗಲಗಲಿ: ಟ್ರ್ಯಾಕ್ಟರ್ ಸಾಲದ ಕಂತಿಗೆ ಕಮ್ಮಿ ಬಿದ್ದದ್ದು ಬರೀ 112 ರೂಪಾಯಿ. ಆ 112 ರೂಪಾಯಿಗೆ ಬಿದ್ದ ದಂಡ 590!

ಕೃಷ್ಣೆಯ ದಂಡೆಯ ಈ ಊರಿನ ಕಬ್ಬು ಬೆಳೆಗಾರರೊಬ್ಬರಿಗೆ ಈ ವಿಷಯ ತಿಳಿದದ್ದು ಕಂತು ವಾಪಸಾಗಿ ಮೂರು ದಿನ ಕಳೆದ ಮೇಲೆ. ಅದೂ ಬ್ಯಾಂಕಿನಿಂದ ಅಲ್ಲ. ಸಾಲ ಕೊಟ್ಟ ಕಂಪನಿಯ ಹುಡುಗ ಫೋನಿನಲ್ಲಿ ದನಿ ಏರಿಸಿ ಮಾತಾಡಿದಾಗ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಜಮಾ ಆಗಿತ್ತು. ಸೊಸೈಟಿ ಸಾಲ ಕಡಿತವಾಗಿ, ಗೊಬ್ಬರದ ಅಂಗಡಿಯ ಉದ್ರಿ ತೀರಿ, ಉಳಿದದ್ದರಲ್ಲಿ ಕಂತಿನ ರೊಕ್ಕ ಮತ್ತು ಮೇಲೆ 187 ರೂಪಾಯಿ ಖಾತೆಯಲ್ಲಿ ಬಿಟ್ಟು ಬಂದಿದ್ದರು. ಎಣಿಸಿಯೇ ಬಿಟ್ಟು ಬಂದಿದ್ದರು. ಎಣಿಸಿ ಬಿಟ್ಟ ರೊಕ್ಕ ತಾನಾಗಿ ಕಮ್ಮಿ ಆಗುವುದುಂಟೆ?

ಹೆಸರು ಹಾಕಬಾರದೆಂದು ಅವರ ಕೋರಿಕೆ. ಮನೆಯಲ್ಲಿ ಮಗಳ ಮದುವೆಯ ಮಾತು ನಡೆದಿದೆ. "ಕಂತು ತುಂಬಲಿಲ್ಲ ಅಂತ ಊರಾಗ ಸುದ್ದಿ ಆದ್ರ ಬೀಗರು ಏನ್ ತಿಳ್ಕೊಂಡಾರು?" ಎಂಬುದು ಅವರ ಅಳುಕು. ಅದಕ್ಕಿಂತ ದೊಡ್ಡ ಅಳುಕು ಸಿಬಿಲ್‌ನದು. ಒಂದು ಕಂತು ತಪ್ಪಿದರೂ ಆ ದಾಖಲೆ ಉಳಿಯುತ್ತದೆ, ನಾಳೆ ಬೇರೆ ಸಾಲ ಕೇಳಲು ಹೋದಾಗ ಅದೇ ಎದುರು ಬರುತ್ತದೆ. 299 ರೂಪಾಯಿಯ ಒಂದು ಗೆರೆ ಇಷ್ಟೆಲ್ಲ ಮಾಡಬಲ್ಲದು.

ನಕ್ಕವರ ಪಾಸ್‌ಬುಕ್ಕಿನಲ್ಲಿ ಏನಿತ್ತೋ!

ಮರುದಿನವೇ ಅವರು ಬ್ಯಾಂಕಿಗೆ ಹೋದರು. ಹದಿನಾಲ್ಕು ತಿಂಗಳಿಂದ ಅಚ್ಚು ಹಾಕಿಸದ ಪಾಸ್‌ಬುಕ್ಕು. ಯಂತ್ರ ಟರ್‍ರೆಂದು ನಾಲ್ಕು ಪುಟ ತುಂಬಿಸಿ ಕೊಟ್ಟಿತು. ಅದನ್ನು ಹಿಡಿದು ಕೌಂಟರಿಗೆ ನಿಂತರು.

"ಸಾಹೇಬ್ರ, ನನ್ನ ರೊಕ್ಕ ಯಾರ್ ತಗೊಂಡ್ರು?"

"ಯಾರೂ ತಗೊಂಡಿಲ್ಲ ಯಜಮಾನ್ರೇ. ನೀವೇ ಕೊಟ್ಟಿರೋದು. ಆಟೋ ಪೇ ಇದೆ ನೋಡಿ."

"ಆಟೋ? ನಾ ಆಟೋ ಹತ್ತೇ ಇಲ್ಲರಿ, ಬಸ್ಸಿಗೆ ಬಂದೀನಿ!"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಕ್ಕವರಲ್ಲಿ ಎಷ್ಟು ಮಂದಿಯ ಪಾಸ್‌ಬುಕ್ಕಿನಲ್ಲಿ ಅದೇ ಗೆರೆ ಇತ್ತೋ! ಗುಮಾಸ್ತರು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತು ಹೇಳಿ ಮುಂದಿನ ಗಿರಾಕಿಯನ್ನು ಕರೆದರು. ಉಳಿದರ್ಧವನ್ನು ಹುಡುಕುವ ಕೆಲಸ ಖಾತೆದಾರನ ಪಾಲಿಗೆ ಬಂತು.

ಪೆನ್ಸಿಲ್ ಹಿಡಿದ ಮಾಸ್ತರರು

ಸಂಜೆ ಪಾಸ್‌ಬುಕ್ಕು ಊರಿನ ನಿವೃತ್ತ ಪೋಸ್ಟ್ ಮಾಸ್ತರರೊಬ್ಬರ ಕಟ್ಟೆಗೆ ಹೋಯಿತು. ಆಯುಷ್ಯವಿಡೀ ಮಂದಿಯ ಉಳಿತಾಯ ಖಾತೆಯ ಪುಸ್ತಕ ನೋಡಿದವರು ಅವರು. ಒಂದು ಪೆನ್ಸಿಲ್ ತೆಗೆದುಕೊಂಡು ಮೊದಲು ಗುರುತು ಇದ್ದ ಗೆರೆಗಳಿಗೆಲ್ಲ ಗೀಟು ಹಾಕಿದರು. ಕಬ್ಬಿನ ಬಿಲ್ಲು, ಸರಿ. ಎಟಿಎಂನಿಂದ ತೆಗೆದದ್ದು, ಸರಿ. ಗೊಬ್ಬರದ ಅಂಗಡಿಗೆ ಕೊಟ್ಟದ್ದು, ಸರಿ. ಹೀಗೆ ಗೀಟು ಹಾಕುತ್ತ ಹೋದರೆ ಕೊನೆಗೆ ಗೀಟಿಲ್ಲದೆ ಉಳಿಯುವುದೇ ತನಿಖೆಯ ವಿಷಯ.

ಉಳಿದವು ಮೂರು ಬಗೆ. ಪ್ರತಿ ತಿಂಗಳು ಹೆಚ್ಚು ಕಡಿಮೆ ಅದೇ ತಾರೀಖಿಗೆ 299 ರೂಪಾಯಿ, ಹನ್ನೊಂದು ಸಲ. ಮೇ ತಿಂಗಳ ಕೊನೆಯಲ್ಲಿ ಒಂದು 436, ಒಂದು 20. ಆಗಾಗ 17 ರೂಪಾಯಿ 70 ಪೈಸೆ.

299ರ ಗೆರೆಯ ಮುಂದೆ ಯುಪಿಐ ಎಂಬ ಅಕ್ಷರ, ಹನ್ನೆರಡು ಅಂಕಿಯ ಒಂದು ಸಂಖ್ಯೆ, ಆಮೇಲೆ ಅರ್ಧಕ್ಕೆ ಕತ್ತರಿಸಿದ ಒಂದು ಹೆಸರು. ಅಂಗಡಿಯ ಹೆಸರೂ ಅಲ್ಲ, ಮನುಷ್ಯರ ಹೆಸರೂ ಅಲ್ಲ. ಮಾಸ್ತರರು ಕೇಳಿದ್ದು ಒಂದೇ ಪ್ರಶ್ನೆ:

"ನಿನ್ನ ಖಾತೆಕ್ಕ ಕೊಟ್ಟ ಮೊಬೈಲ್ ನಂಬರಿನ ಸಿಮ್ ಯಾರ ಫೋನಿನ್ಯಾಗ ಐತಿ?"

"ಹುಡುಗನ ಫೋನಿನ್ಯಾಗ."

ಅಲ್ಲಿಗೆ ಅರ್ಧ ಪತ್ತೆ ಆಯಿತು.

ಒಂದು ರೂಪಾಯಿಯ ಗಾಳ

ಮಗ ಡಿಗ್ರಿ ಓದುವವ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಿ ನಡೆಸಿದ್ದಾನೆ. ಫೋನಿನಲ್ಲಿ ತರಬೇತಿ ಕೊಡುವ ಒಂದು ಕಂಪನಿ "ಏಳು ದಿನ ಒಂದೇ ರೂಪಾಯಿ" ಎಂದು ಜಾಹೀರಾತು ಕೊಟ್ಟಿತ್ತು. ಹುಡುಗ ಒಂದು ರೂಪಾಯಿ ತುಂಬಿ, ಪಿನ್ ಒತ್ತಿ, ಖಾತೆ ತೆರೆದ. ಎಂಟು ದಿನ ನೋಡಿದ. ಪಾಠ ಹಿಡಿಸಲಿಲ್ಲ. ಆ್ಯಪನ್ನು ಫೋನಿನಿಂದ ಕಿತ್ತು ಹಾಕಿದ.

"ಆ್ಯಪ್ ತೆಗೆದ್ರ ಮುಗೀತು ಅಂತ ತಿಳಿದಿದ್ದೆ ಯಪ್ಪಾ" ಎಂದು ಹುಡುಗ ನೆಲ ನೋಡುತ್ತ ಹೇಳಿದ. ಇಲ್ಲಿಯೇ ಇಡೀ ಪ್ರಕರಣದ ಗಂಟು ಇರುವುದು. ಆ್ಯಪ್ ತೆಗೆಯುವುದೆಂದರೆ ಅಂಗಡಿಯ ಬಾಗಿಲಿಂದ ಹೊರಗೆ ಬಂದಂತೆ, ಅಷ್ಟೇ. ಅಂಗಡಿಯವನ ಕೈಗೆ ಬರೆದುಕೊಟ್ಟ ಚೀಟಿ ಅಲ್ಲಿಯೇ ಉಳಿದಿರುತ್ತದೆ. ಪ್ರತಿ ತಿಂಗಳು ಆ ಚೀಟಿ ತೋರಿಸಿ ಅವನು ರೊಕ್ಕ ಎತ್ತುತ್ತಲೇ ಇರುತ್ತಾನೆ.

ಆ ಚೀಟಿಗೆ ಬ್ಯಾಂಕಿನವರ ಭಾಷೆಯಲ್ಲಿ ಮ್ಯಾಂಡೇಟ್ ಎಂದು ಹೆಸರು. ಯುಪಿಐ ಬಂದದ್ದು 2016ರಲ್ಲಿ. ಅದರಲ್ಲಿ ತಿಂಗಳು ತಿಂಗಳು ತಾನಾಗಿ ರೊಕ್ಕ ಹೋಗುವ ಆಟೋ ಪೇ ವ್ಯವಸ್ಥೆ ಬಂದದ್ದು 2020ರ ಜುಲೈನಲ್ಲಿ. ಮೊದಲ ಸಲ ಪಿನ್ ಒತ್ತಿದರೆ ಸಾಕು, ಆಮೇಲೆ ಸಣ್ಣ ಮೊತ್ತಕ್ಕೆ ಪ್ರತಿ ಸಲ ಪಿನ್ ಕೇಳುವುದಿಲ್ಲ. ಪಿನ್ ಇಲ್ಲದೆ ಹೋಗುವ ಈ ಮೊತ್ತದ ಮಿತಿ ಮೊದಲು 5,000 ಇತ್ತು, 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು 15,000ಕ್ಕೆ ಏರಿಸಿತು.

ಹಾಗೆಂದು ರಿಸರ್ವ್ ಬ್ಯಾಂಕ್ ಗಿರಾಕಿಯನ್ನು ಪೂರ್ತಿ ಕೈಬಿಟ್ಟಿಲ್ಲ. ರೊಕ್ಕ ಎತ್ತುವ 24 ತಾಸು ಮೊದಲು ಯಾರು, ಎಷ್ಟು, ಯಾವಾಗ ಎತ್ತುತ್ತಾರೆಂದು ತಿಳಿಸಲೇಬೇಕೆಂಬ ನಿಯಮವಿದೆ. ಬೇಡವೆಂದರೆ ನಿಲ್ಲಿಸುವ ದಾರಿಯನ್ನೂ ಕೊಡಬೇಕು. ಈ ಪ್ರಕರಣದಲ್ಲಿ ಆ ಸೂಚನೆ ಬಂದೇ ಬಂದಿತ್ತು. ಆದರೆ ಬಂದದ್ದು ಮಗನ ಫೋನಿಗೆ. ಲಾಟರಿ, ಸಾಲ, ರಮ್ಮಿ ಎಂದು ದಿನಕ್ಕೆ ನೂರು ಮೆಸೇಜು ಬೀಳುವ ಜಾಗದಲ್ಲಿ ಇದೂ ಒಂದಾಗಿ ಬಿತ್ತು. ರೊಕ್ಕ ಅಪ್ಪನದು, ಸೂಚನೆ ಮಗನಿಗೆ. ಗಲಗಲಿಯಲ್ಲಷ್ಟೇ ಅಲ್ಲ, ಬೀಳಗಿ, ಮುಧೋಳ, ಜಮಖಂಡಿ ಯಾವ ಕಡೆ ಹೋದರೂ ಎಷ್ಟೋ ಮನೆಗಳಲ್ಲಿ ಇದೇ ಏರ್ಪಾಡು.

ಮಗನ ಫೋನಿನಲ್ಲಿದ್ದ ಯುಪಿಐ ಆ್ಯಪಿನೊಳಗೆ ಆಟೋ ಪೇ ಎಂಬ ಕೋಣೆ ತೆರೆದು ನೋಡಿದಾಗ ಕಳ್ಳ ಚೀಟಿ ಅಲ್ಲಿಯೇ ಕುಳಿತಿತ್ತು. ರದ್ದು ಎಂದು ಒತ್ತಿ ಪಿನ್ ಹಾಕಿದರು. ಎರಡು ನಿಮಿಷದ ಕೆಲಸ. ಎರಡು ನಿಮಿಷದ ಆ ಕೆಲಸ ಗೊತ್ತಿಲ್ಲದ್ದಕ್ಕೆ ಹೋದದ್ದು 3,289 ರೂಪಾಯಿ, ಮೇಲೆ ದಂಡ 590.

ಹೋದದ್ದು ಬಂತೆ? ಕಂಪನಿಗೆ ಬರೆದಾಗ ಕೊನೆಯ ತಿಂಗಳ 299 ಮಾತ್ರ ಮರಳಿ ಬಂತು. ಉಳಿದದ್ದಕ್ಕೆ "ನೀವು ಒಪ್ಪಿದ್ದೀರಿ" ಎಂಬ ಉತ್ತರ. ಒಪ್ಪಿದ್ದು ನಿಜ. ಆದರೆ ಒಂದು ರೂಪಾಯಿಯನ್ನು ದಪ್ಪ ಅಕ್ಷರದಲ್ಲಿ, 299ನ್ನು ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದು ಪಡೆದ ಒಪ್ಪಿಗೆ ಎಂಥದು? ಸೇರುವುದು ಸುಲಭ, ಬಿಡುವುದು ಕಷ್ಟ ಮಾಡುವ ಈ ಗಾಳಕ್ಕೆ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದೇ ನಿರ್ಬಂಧ ಹಾಕಿದೆ. ಗ್ರಾಹಕರನ್ನು ಮೋಸದ ದಾರಿಗೆ ಎಳೆಯುವ 13 ಬಗೆಯ ತಂತ್ರಗಳನ್ನು ಅದು ಪಟ್ಟಿ ಮಾಡಿದ್ದು, ಚಂದಾದ ಬಲೆ ಅವುಗಳಲ್ಲಿ ಒಂದು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಬರೆಸುವವರು ಬೇಕಷ್ಟೇ.

456ರ ಗೆರೆ: ಕಿತ್ತು ಹಾಕುವ ಮೊದಲು ನೋಡಿ

ಎರಡನೆಯದು ಮೇ ಕೊನೆಯ 436 ಮತ್ತು 20. ಇದನ್ನು ಕಂಡು ಬೆಳೆಗಾರರ ಸಿಟ್ಟು ನೆತ್ತಿಗೇರಿತ್ತು. "ಇದನ್ನೂ ಬಂದ್ ಮಾಡ್ರಿ ಮೊದಲ" ಎಂದರು. ಮಾಸ್ತರರು ತಡೆದರು.

436 ಎಂದರೆ ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯ ವರ್ಷದ ಕಂತು. 20 ಎಂದರೆ ಸುರಕ್ಷಾ ಬಿಮಾ ಯೋಜನೆಯದು. ಎರಡೂ 2015ರ ಮೇ ತಿಂಗಳಲ್ಲಿ ಶುರುವಾದವು. ಆಗ ಕಂತು 330 ಮತ್ತು 12 ಇತ್ತು, 2022ರ ಜೂನ್ 1ರಿಂದ ಏರಿತು. ಜೂನ್‌ನಿಂದ ಮೇವರೆಗೆ ಒಂದು ವರ್ಷದ ಲೆಕ್ಕ. ಮೊದಲನೆಯದರಲ್ಲಿ ಖಾತೆದಾರ ಯಾವುದೇ ಕಾರಣಕ್ಕೆ ತೀರಿಕೊಂಡರೆ, ಎರಡನೆಯದರಲ್ಲಿ ಅಪಘಾತದಲ್ಲಿ ತೀರಿಕೊಂಡರೆ, ಮನೆಯವರಿಗೆ ಎರಡು ಲಕ್ಷ.

ಸಹಿ ಮಾಡಿದ ನೆನಪೇ ಇಲ್ಲ ಎಂದರು ಬೆಳೆಗಾರರು. ಬ್ಯಾಂಕಿಗೆ ಹೋಗಿ ಒಪ್ಪಿಗೆಯ ಫಾರ್ಮ್ ತೋರಿಸಿರೆಂದು ಕೇಳಿದರು. ಫಾರ್ಮ್ ಸಿಕ್ಕಿತು, ಸಹಿ ಅವರದ್ದೇ. "ಬೆಳೆಸಾಲದ ಕಾಗದದಾಗ ಹತ್ತು ಕಡೆ ಸಹಿ ಮಾಡಿಸ್ಯಾರ, ಅದರಾಗ ಇದೂ ಒಂದ್ ಇದ್ದೀತು" ಎಂದು ನಿಟ್ಟುಸಿರು ಬಿಟ್ಟರು. ವಿಮೆ ಇದೆಯೆಂದು ಹೆಂಡತಿಗೆ ಗೊತ್ತಿಲ್ಲ, ಮಕ್ಕಳಿಗೆ ಗೊತ್ತಿಲ್ಲ. ಇರುವುದೇ ಗೊತ್ತಿಲ್ಲದ ವಿಮೆಯನ್ನು ನಾಳೆ ಕೇಳಲು ಹೋಗುವವರು ಯಾರು? ಅವರು ಅದನ್ನು ರದ್ದು ಮಾಡಲಿಲ್ಲ. ಹೆಂಡತಿಯ ಹೆಸರು ವಾರಸುದಾರರ ಜಾಗದಲ್ಲಿ ಇದೆಯೇ ಎಂದು ನೋಡಿ ಬಂದರು. ಫಾರ್ಮ್ ಸಿಗದೇ ಹೋಗಿದ್ದರೆ ಮಾತು ಬೇರೆ. ಒಪ್ಪಿಗೆಯ ಕಾಗದ ತೋರಿಸಲಾಗದ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ರೊಕ್ಕ ಮರಳಿ ಕೇಳುವುದು ಖಾತೆದಾರನ ಹಕ್ಕು.

17 ರೂಪಾಯಿ 70 ಪೈಸೆ ಎಸ್ಸೆಮ್ಮೆಸ್ ಶುಲ್ಕ. 15 ರೂಪಾಯಿ ಬ್ಯಾಂಕಿನದು, 2.70 ಜಿಎಸ್‌ಟಿ. ಮೆಸೇಜಿನ ಖರ್ಚನ್ನು ನಿಜವಾಗಿ ಕಳಿಸಿದ ಲೆಕ್ಕದ ಮೇಲೆ ಹಾಕಬೇಕೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಮೂರು ತಿಂಗಳಲ್ಲಿ ಎಷ್ಟು ಮೆಸೇಜು ಕಳಿಸಿದಿರಿ ಎಂದು ಕೇಳಿದರೆ ತಪ್ಪೇನಿಲ್ಲ.

ಕಳ್ಳನ ಗೆರೆ ಬೇರೆ

ನಾಲ್ಕನೆಯ ಒಂದು ಗೆರೆ ಇದೆ. ಇವರ ಪಾಸ್‌ಬುಕ್ಕಿನಲ್ಲಿ ಅದು ಇರಲಿಲ್ಲ, ಪುಣ್ಯ. ಆದರೆ ಮಾಸ್ತರರು ಎಲ್ಲಕ್ಕಿಂತ ಮೊದಲು ಹುಡುಕಿದ್ದು ಅದನ್ನೇ. ಎಇಪಿಎಸ್ ಎಂಬ ನಾಲ್ಕಕ್ಷರ. ಆಧಾರ್ ಸಂಖ್ಯೆ ಹೇಳಿ ಬೆರಳು ಒತ್ತಿ ರೊಕ್ಕ ತೆಗೆಯುವ ಪದ್ಧತಿ ಇದು. ಹಳ್ಳಿಯ ಬ್ಯಾಂಕ್ ಮಿತ್ರರ ಹತ್ತಿರ ಇರುವ ಸಣ್ಣ ಯಂತ್ರದ್ದು ಇದೇ ದಾರಿ. ಪಿನ್ ಬೇಡ, ಓಟಿಪಿ ಬೇಡ, ಬೆರಳು ಸಾಕು.

2023ರಲ್ಲಿ ಮಂಗಳೂರು, ಬೆಂಗಳೂರು ಮುಂತಾದ ಕಡೆ ಜನರ ಖಾತೆಯಿಂದ ಹೀಗೆ ರೊಕ್ಕ ಹೋಗತೊಡಗಿತು. ಯಾರೂ ಓಟಿಪಿ ಕೊಟ್ಟಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ವಿಚಾರಿಸಿದರೆ ಅನೇಕರು ಕೆಲವೇ ದಿನ ಹಿಂದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿ ಬಂದವರು! ಮುದ್ರಾಂಕ ಮತ್ತು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿದ್ದ ಪತ್ರಗಳಿಂದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಎತ್ತಿ, ನಕಲಿ ಬೆರಳು ಮಾಡಿ ರೊಕ್ಕ ತೆಗೆದಿದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿ ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಹಿಡಿದರು. ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಚುವ ಕ್ರಮ ಆಮೇಲೆ ಬಂತು.

ಮಂಗಳೂರು ಎಲ್ಲಿ, ಗಲಗಲಿ ಎಲ್ಲಿ ಎನ್ನುವಂತಿಲ್ಲ. ಆಲಮಟ್ಟಿ ಹಿನ್ನೀರಿನ ಈ ಸೀಮೆಯಲ್ಲಿ ಭೂಮಿಯ ಕಾಗದ ಓಡಾಡಿದಷ್ಟು ಬೇರೆಲ್ಲೂ ಓಡಾಡಿರಲಿಕ್ಕಿಲ್ಲ. ಪರಿಹಾರ, ವಾಟ್ನಿ, ಖರೀದಿ ಎಂದು ಬೆರಳು ಒತ್ತಿದವರೇ ಎಲ್ಲ. ಪರಿಹಾರದ ದೊಡ್ಡ ಮೊತ್ತ ಇರುವುದೂ ಅದೇ ಬೆರಳಿನ ಖಾತೆಯಲ್ಲಿ. ಇದಕ್ಕೆ ಮದ್ದು ಒಂದಿದೆ. ಎಂ-ಆಧಾರ್ ಆ್ಯಪಿನಲ್ಲಿ ಅಥವಾ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಿಗೆ ಬೀಗ ಹಾಕಿ ಇಡಬಹುದು. ರೇಷನ್ನಿಗೋ ಪಿಂಚಣಿಗೋ ಬೆರಳು ಬೇಕಾದ ದಿನ ತೆಗೆದು, ಮತ್ತೆ ಹಾಕಬೇಕು. ಕಿರಿಕಿರಿಯೇ. ಆದರೆ ಖಾತೆ ಬರಿದಾಗುವುದಕ್ಕಿಂತ ವಾಸಿ.

ಮೂರು ದಿನದ ಬೆಲೆ

ಒಪ್ಪಿ ಹೋದ ರೊಕ್ಕ ಬೇರೆ, ಕದ್ದು ಹೋದ ರೊಕ್ಕ ಬೇರೆ. ಕದ್ದು ಹೋದದ್ದಕ್ಕೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯನ್ನು ಪ್ರತಿ ಖಾತೆದಾರನೂ ತಿಳಿದಿರಬೇಕು. ಸಹಕಾರಿ ಬ್ಯಾಂಕುಗಳಿಗೂ ಇಂಥದೇ ಸುತ್ತೋಲೆ ಅದೇ ಡಿಸೆಂಬರ್‌ನಲ್ಲಿ ಬಂತು. ಅದರ ಸಾರ ಇಷ್ಟು. ಬ್ಯಾಂಕಿನದೂ ತಪ್ಪಿಲ್ಲ, ಗಿರಾಕಿಯದೂ ತಪ್ಪಿಲ್ಲ, ಹೊರಗಿನವನು ಕದ್ದ ಎಂದಾದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವನ ಮೇಲೆ ಒಂದು ಪೈಸೆಯ ಹೊಣೆಯೂ ಇಲ್ಲ. ನಾಲ್ಕರಿಂದ ಏಳು ದಿನವಾದರೆ ಹೊಣೆ ಸ್ವಲ್ಪ ತನ್ನ ಮೇಲೆ ಬರುತ್ತದೆ. ಜನಧನದಂಥ ಮೂಲ ಖಾತೆಗೆ 5,000ದವರೆಗೆ, ಸಾಮಾನ್ಯ ಉಳಿತಾಯ ಖಾತೆಗೆ 10,000ದವರೆಗೆ. ಏಳು ದಿನ ದಾಟಿತೋ, ಬ್ಯಾಂಕಿನ ಮಂಡಳಿ ಏನು ತೀರ್ಮಾನ ಮಾಡಿದೆಯೋ ಅದು. ದೂರು ಕೊಟ್ಟ ಹತ್ತು ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ಬ್ಯಾಂಕು ಖಾತೆಗೆ ಲೆಕ್ಕಕ್ಕಾದರೂ ಮರಳಿ ತೋರಿಸಬೇಕು, 90 ದಿನದಲ್ಲಿ ತೀರ್ಮಾನ ಹೇಳಬೇಕು. ಗಿರಾಕಿಯ ತಪ್ಪೆಂದು ಸಾಬೀತು ಮಾಡುವ ಹೊರೆಯೂ ಬ್ಯಾಂಕಿನ ಮೇಲೆಯೇ. ಆದರೆ ಪಿನ್, ಓಟಿಪಿ ಹೇಳಿಕೊಟ್ಟವನಿಗೆ ಈ ರಕ್ಷಣೆ ಇಲ್ಲ. ದೂರು ಕೊಡುವವರೆಗೆ ಹೋದದ್ದು ಅವನದ್ದೇ ನಷ್ಟ.

ಹದಿನಾಲ್ಕು ತಿಂಗಳಿಗೊಮ್ಮೆ ಪಾಸ್‌ಬುಕ್ ಅಚ್ಚು ಹಾಕಿಸುವವನಿಗೆ ಮೂರು ದಿನದ ನಿಯಮ ಇದ್ದೇನು ಫಲ?

ಕಳವು ಎಂದು ಅನುಮಾನ ಬಂದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಬೇಕು. ಬಾಯಿಮಾತು ಸಾಲದು, ಲಿಖಿತ ದೂರು ಕೊಟ್ಟು ನಕಲಿನ ಮೇಲೆ ಸಿಕ್ಕಾ ಹಾಕಿಸಿಕೊಳ್ಳಬೇಕು. 30 ದಿನದಲ್ಲಿ ಬ್ಯಾಂಕು ಉತ್ತರಿಸದಿದ್ದರೆ, ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಡ. ವಿಚಾರಿಸಲು ಸಂಖ್ಯೆ 14448. ಊರಿನ ಪಿಕೆಪಿಎಸ್ ಸೊಸೈಟಿ ಮಾತ್ರ ಇದರ ವ್ಯಾಪ್ತಿಗೆ ಬಾರದು.

ಓದಲಾಗದ ಗೆರೆಗೆ ಹೊಣೆ ಯಾರು?

ತಪ್ಪೆಲ್ಲ ಹಳ್ಳಿಯವರದೇ ಎನ್ನುವ ಮಹಾಶಯರಿಗೆ ಒಂದು ಮಾತು. ಪಾಸ್‌ಬುಕ್ಕಿನಲ್ಲಿ ಯಾರಿಗೂ ತಿಳಿಯದ ಒಗಟಿನಂಥ ನಮೂದು ಹಾಕಬೇಡಿ ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಬಹಳ ವರ್ಷಗಳ ಹಿಂದೆಯೇ ಹೇಳಿದೆ. 2017ರ ಜೂನ್‌ನಲ್ಲಿ ಮತ್ತೊಮ್ಮೆ ಹೇಳಿತು. ರೊಕ್ಕ ಯಾರಿಗೆ ಹೋಯಿತು, ಯಾವ ಶುಲ್ಕ ಎಂಬ ಕನಿಷ್ಠ ವಿವರ ಇರಲೇಬೇಕು ಎಂದಿತು. ಆದರೂ ಗಲಗಲಿಯ ರೈತನ ಕೈಗೆ ಬಂದದ್ದು ಇಂಗ್ಲಿಷ್ ಅಕ್ಷರಗಳ ಮುರುಕು ತುಂಡು. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಕಲಿತವನು ಅದನ್ನು ಓದುವುದು ಹೇಗೆ? ಇದರ ಮೇಲೆ ಬ್ಯಾಂಕುಗಳ ಹೆಸರೇ ನಿಂತಲ್ಲಿ ನಿಲ್ಲುತ್ತಿಲ್ಲ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ಸೇರಿತು. 2025ರ ಮೇ 1ಕ್ಕೆ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ತನ್ನ ಬ್ಯಾಂಕಿನ ಹೆಸರನ್ನೇ ಹೊಸದಾಗಿ ಕಲಿಯಬೇಕಾದವನು ಇನ್ನು ಅದರೊಳಗಿನ ಸಂಕೇತಾಕ್ಷರ ಯಾವಾಗ ಕಲಿತಾನು?

2025ರ ನವೆಂಬರ್‌ನಲ್ಲಿ ಮುಧೋಳ ಸೀಮೆಯ ರೈತರು ಕಬ್ಬಿನ ದರಕ್ಕಾಗಿ ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. ಟನ್ನಿಗೆ ಐವತ್ತು ನೂರರ ಮೇಲೆ ದಿನಗಟ್ಟಲೆ ಹೋರಾಟ. ಸರಿಯಾದ ಹೋರಾಟವೇ. ಆದರೆ ಹಾಗೆ ಗೆದ್ದು ತಂದ ನೂರು ರೂಪಾಯಿ ಖಾತೆಯ ತಳದಲ್ಲಿ ಸದ್ದಿಲ್ಲದೆ ಸೋರುತ್ತಿದ್ದರೆ? ಟನ್ನಿಗೆ ನೂರು ಹೆಚ್ಚು ಸಿಕ್ಕಿತೆಂದರೂ, ಹೋದ 3,289 ತುಂಬಲು ಮೂವತ್ತಮೂರು ಟನ್ನು ಕಬ್ಬು ಕಡಿಯಬೇಕು!

ಪಾಸ್‌ಬುಕ್ಕಿನ ನಮೂದು ಕನ್ನಡದಲ್ಲಿ, ಪೂರ್ತಿ ಹೆಸರಿನೊಂದಿಗೆ ಬರಬೇಕು. ಕಂತು ವಾಪಸು ಮಾಡುವ ಮೊದಲು ಖಾತೆದಾರನಿಗೆ ಒಂದು ಮಾತು ಹೇಳಬೇಕು. ಅರ್ಧ ಉತ್ತರ ಕೊಟ್ಟು ಮುಂದಿನವರನ್ನು ಕರೆಯುವ ರೂಢಿ ನಿಲ್ಲಬೇಕು. ಜಿಲ್ಲೆಯ ಲೀಡ್ ಬ್ಯಾಂಕಿನವರು ಸಾಲಮೇಳಕ್ಕೆ ಕಟ್ಟುವ ಪೆಂಡಾಲಿನಲ್ಲಿ ಪಾಸ್‌ಬುಕ್ ಓದಿಸುವ ಒಂದು ಮೇಜನ್ನೂ ಇಟ್ಟರೆ ಅದರ ಖರ್ಚು ದೊಡ್ಡದಲ್ಲ.

ಅಲ್ಲಿಯವರೆಗೆ ಗಲಗಲಿಯ ಆ ಮನೆ ತನ್ನ ದಾರಿ ತಾನು ಕಂಡುಕೊಂಡಿದೆ. ತಿಂಗಳ ಮೊದಲ ವಾರ ಅಪ್ಪ ಪಾಸ್‌ಬುಕ್ಕಿಗೆ ಅಚ್ಚು ಹಾಕಿಸಿ ತರುತ್ತಾರೆ. ಮಗ ಒಂದೊಂದೇ ಗೆರೆ ಓದಿ ಕನ್ನಡದಲ್ಲಿ ಹೇಳುತ್ತಾನೆ. ಅಪ್ಪ ಪೆನ್ಸಿಲಿನಿಂದ ಗೀಟು ಹಾಕುತ್ತಾರೆ. 590 ಮಾತ್ರ ಇನ್ನೂ ಮರಳಿ ಬಂದಿಲ್ಲ. ಅದಕ್ಕಾಗಿ ಕೊಟ್ಟ ಅರ್ಜಿಯ ನಕಲು, ಸಿಕ್ಕಾ ಸಮೇತ, ಪಾಸ್‌ಬುಕ್ಕಿನ ನಡುವೆಯೇ ಇದೆ. ಮೂವತ್ತು ದಿನ ಎಣಿಸುತ್ತಿದ್ದಾರೆ.